ಬಿದಿರು ಸಸಿ ತರುವ ಮೊದಲು ಪೂರ್ತಿ ಹೆಸರು ಕೇಳಿ

ಈ ಮಳೆಗಾಲಕ್ಕೆ ಬಿದಿರು ನೆಡುವ ಆಲೋಚನೆ ಉಂಟಾ? ವಾಟ್ಸಾಪಲ್ಲಿ ಬರುವ ‘ಎಕರೆಗೆ ಲಕ್ಷ’ ವಿಡಿಯೋ ನೋಡಿ ಸಸಿ ಬುಕ್ ಮಾಡುವ ಮೊದಲು ನನ್ನ ಕತೆ ಸ್ವಲ್ಪ ಕೇಳಿ.

ಪೆರ್ಡೂರಿನ ನಮ್ಮ ಅಡಿಕೆ ತೋಟದ ಅಂಚಿಗೆ ಎಂಟು ವರ್ಷದ ಹಿಂದೆ ಇಪ್ಪತ್ತು ಸಸಿ ತಂದು ನೆಟ್ಟೆ. ಕೊಟ್ಟವರು ‘ಡೆಂಡ್ರೋಕ್ಯಾಲಮಸ್, ಮುಳ್ಳಿಲ್ಲ’ ಅಂದರು. ನಾನೂ ಮುಂದೆ ಏನೂ ಕೇಳಲಿಲ್ಲ. ಎದ್ದು ಬಂದದ್ದು ಜೈಗ್ಯಾಂಟಿಯಸ್, ಅಂದರೆ ದೈತ್ಯ ಬಿದಿರು. ಒಂದು ಗಳ ಕಡಿದರೆ ಎತ್ತಲಿಕ್ಕೆ ಮೂರು ಜನ ಬೇಕು ಮಾರಾಯ್ರೇ! ನನಗೆ ಬೇಕಾಗಿದ್ದದ್ದು ಬಾಳೆಗೆ ಆಸರೆ ಕೊಡುವ ಕೋಲು, ಏಣಿ, ಬೇಲಿಗೆ ನಾಲ್ಕು ಗಳ.

ಡೆಂಡ್ರೋಕ್ಯಾಲಮಸ್ ಅನ್ನುವುದು ಒಂದು ಗಿಡದ ಹೆಸರಲ್ಲ, ಏಷ್ಯಾದ ಹತ್ತಾರು ಬಿದಿರುಗಳ ಕುಲ. ಎಲ್ಲವೂ ಮೆಳೆಯಾಗಿಯೇ ಬೆಳೆಯುತ್ತವೆ, ಬೇರು ಓಡಿ ತೋಟ ಹಾಳು ಮಾಡುವುದಿಲ್ಲ. ಆದರೆ ಜಾತಿಯಿಂದ ಜಾತಿಗೆ ವ್ಯತ್ಯಾಸ ಬಹಳ. ಜೈಗ್ಯಾಂಟಿಯಸ್ 25–30 ಮೀಟರ್ ಏರುತ್ತದೆ, ಒಳಗೆ ಟೊಳ್ಳು. ಸ್ಟ್ರಿಕ್ಟಸ್ ಗಟ್ಟಿ ಗಳಕ್ಕೆ ಹೆಸರುವಾಸಿ. ಆದರೆ ಅದು ಒಣ ಕಾಡಿನದ್ದು, ನಮ್ಮ ಮಳೆಗೆ ನೀರು ನಿಲ್ಲುವ ಜಾಗದಲ್ಲಿ ಸೋಲುತ್ತದೆ. ನಮಗೆ ಸರಿಯಾದದ್ದು ಸ್ಟಾಕ್ಸಿ, ಮರಿಹಾಳ್ ಬಿದಿರು ಅನ್ನುತ್ತಾರೆ. ಕೊಂಕಣದಿಂದ ಉತ್ತರ ಕೇರಳದವರೆಗಿನ ಈ ಕರಾವಳಿಯದ್ದೇ ಗಿಡ. ಮುಳ್ಳಿಲ್ಲ, ಮೂರು ನಾಲ್ಕು ಸೆಂಟಿಮೀಟರ್ ದಪ್ಪ, ಒಳಗೆ ಹೆಚ್ಚುಕಡಿಮೆ ತುಂಬಿಕೊಂಡಿರುತ್ತದೆ. ಒಬ್ಬನೇ ಹೆಗಲ ಮೇಲೆ ಹೊತ್ತು ತರಬಹುದು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಇದರ ಮೇಲೆ ಕೆಲಸ ಮಾಡಿದ್ದಾರೆ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಸಸಿಯ ತಾಯಿ ಮೆಳೆಗೆ ವಯಸ್ಸೆಷ್ಟು? ಬಿದಿರಿನ ಹಲವು ಜಾತಿಗಳು ದಶಕಗಟ್ಟಲೆ ಬೆಳೆದು, ಒಮ್ಮೆಲೇ ಹೂ ಬಿಟ್ಟು ಸಾಯುತ್ತವೆ. ಬೀಜದ ಸಸಿಯಾದರೆ ಲೆಕ್ಕ ಸೊನ್ನೆಯಿಂದ ಶುರು. ಗಳದ ತುಂಡಿನಿಂದ ಮಾಡಿದ್ದಾದರೆ ತಾಯಿಯ ವಯಸ್ಸೇ ಅದರ ವಯಸ್ಸು. ಮೂವತ್ತೈದು ವರ್ಷದ ಮೆಳೆಯಿಂದ ತಂದ ಸಸಿ ನೋಡಲಿಕ್ಕೆ ಎಳೆಯದು, ಒಳಗೆ ಮುದುಕ! ಸ್ಟಾಕ್ಸಿಯಲ್ಲಿ ಈ ಭಯ ಕಡಿಮೆ. ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ, ಬೀಜ ಕಟ್ಟುವುದಿಲ್ಲ. ಹಾಗಾಗಿ ಯಾರಾದರೂ ನಿಮಗೆ ‘ಸ್ಟಾಕ್ಸಿ ಬೀಜದ ಸಸಿ’ ಅಂತ ಮಾರಲಿಕ್ಕೆ ಬಂದರೆ ಅಲ್ಲಿಂದಲೇ ಕಳಿಸಿಬಿಡಿ.

ಎಕರೆಗಟ್ಟಲೆ ನೆಡುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಕೊಳ್ಳುವವರು ಗೊತ್ತಾಗುವ ತನಕ ತೋಟದ ಅಂಚಿಗೆ ಹತ್ತು ಮೆಳೆ ಸಾಕು.

ನನ್ನ ದೈತ್ಯಗಳಲ್ಲಿ ನಾಲ್ಕನ್ನು ಉಳಿಸಿ, ಬಾಕಿ ಎಲ್ಲ ಜೆಸಿಬಿಯಲ್ಲಿ ತೆಗೆಸಿದೆ. ಸಸಿಗೆ ಕೊಟ್ಟ ದುಡ್ಡಿಗಿಂತ ಜೆಸಿಬಿ ಬಾಡಿಗೆಯೇ ಜಾಸ್ತಿ ಆಯ್ತು.