ಸಾಂಬಾರಿಗೆ ಬೆಲ್ಲ ಹಾಕೋ ಜಗಳ ನಮ್ಮ ಕೇರಿಗೆ ಯಾಕೆ ಬರುತ್ತೆ?

ಉದ್ದ ಪೋಸ್ಟು. ಪುರುಸೊತ್ತಾದಾಗ ಓದಿ.

ಹೋದ ವಾರ ಒಂದು ಅಡುಗೆ ವಿಡಿಯೋ ಕೆಳಗೆ, ಸಾಂಬಾರಿಗೆ ಬೆಲ್ಲ ಹಾಕೋದು ಸರಿಯೋ ತಪ್ಪೋ ಅಂತ ಮುನ್ನೂರು ಚಿಲ್ಲರೆ ಕಾಮೆಂಟು ಬಿದ್ದಿದ್ದವು. ಆಫೀಸಿನಲ್ಲಿ ಸರ್ವರ್ ಡೌನ್ ಆಗಿತ್ತು, ಕೂತು ಪೂರ್ತಿ ಓದಿದೆ. ಮೊದಲ ಹತ್ತು ಕಾಮೆಂಟು ಬೆಲ್ಲದ್ದೇ. ಆಮೇಲೆ ಉಡುಪಿಯೋರು, ಮಂಡ್ಯದೋರು ಅಂತ ಜಿಲ್ಲೆ ಬಂತು. ಆಮೇಲೆ ಅಪ್ಪ, ಅಮ್ಮ. ನಲವತ್ತನೇ ಕಾಮೆಂಟಿನ ಹೊತ್ತಿಗೆ, ನಮ್ಮ ಹುಡುಗನೊಬ್ಬನ ಪ್ರೊಫೈಲಿನಲ್ಲಿದ್ದ ಬಾಬಾಸಾಹೇಬರ ಫೋಟೋ ನೋಡಿ ಒಬ್ಬ ಮಹಾಶಯ, 'ನಿಮಗ್ಯಾಕೋ ಸಾಂಬಾರು, ನಿಮ್ಮ ಊಟನೇ ಬೇರೆ ಅಲ್ವಾ' ಅಂದ. ಅದಕ್ಕೆ ಸಾಲುಗಟ್ಟಿ ನಗುವ ಮುಖಗಳು. ಆ ಹುಡುಗ ಬರೆದಿದ್ದಿಷ್ಟೇ: ನಮ್ಮನೇಲಿ ಬೆಲ್ಲ ಹಾಕಲ್ಲ.

ವಿಷಯ ಯಾವುದಾದ್ರೂ ಇರಲಿ, ದಾರಿ ಇದೇ. ಕ್ರಿಕೆಟ್ ಟೀಮಿನಿಂದ ಶುರುವಾದದ್ದು 'ಅಲ್ಲೂ ಮೀಸಲಾತಿ ಕೇಳ್ತೀರಾ' ಅನ್ನೋದಕ್ಕೆ ಬರುತ್ತೆ. 'ಹಾಡು' ಅನ್ನೋದನ್ನ 'ಆಡು' ಅಂದ್ರೆ ಸಾಕು, ನಮ್ಮ ಅವ್ವಂದಿರ ಬಾಯಿಗೇ ಅಸಹ್ಯ ಪಡೋರು ಸಿಗ್ತಾರೆ. ಬೈಯೋಕೆ ಬಂದವನಿಗೆ ಬೆಲ್ಲವೂ ಬೇಕಿಲ್ಲ, ಕ್ರಿಕೆಟ್ಟೂ ಬೇಕಿಲ್ಲ. ಎದುರಿಗಿರೋನು ಯಾರ ಪೈಕಿ ಅಂತ ತಿಳಿದ್ರೆ ಸಾಕು.

ಇದನ್ನೆಲ್ಲ ನೋಡಿ ಸಭ್ಯರು ಒಂದು ಮಾತು ಹೇಳ್ತಾರೆ: 'ಛೇ, ಇಷ್ಟು ಸಣ್ಣ ವಿಷಯಕ್ಕೆ ಎರಡೂ ಕಡೆಯೋರು ಹೀಗಾ ಕಚ್ಚಾಡೋದು!' ನನಗೆ ಬೈದವನಿಗಿಂತ ಈ ಸಭ್ಯರ ಮೇಲೇ ಸಿಟ್ಟು ಜಾಸ್ತಿ. ಎರಡು ಕಡೆ ಎಲ್ಲಿದೆ ಸ್ವಾಮಿ? ಒಬ್ಬ ಬೆಲ್ಲದ ಬಗ್ಗೆ ಹೇಳಿದ, ಇನ್ನೊಬ್ಬ ಅವನ ಹುಟ್ಟಿನ ಬಗ್ಗೆ ಹೇಳಿದ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಸಮ ಅಂತ ತೂಗೋರಿಗೆ ಸಜ್ಜನರು ಅಂತ ಹೆಸರು.

ಸಭ್ಯತೆಯ ಭಾಷೆಯೇ ನಮ್ಮ ಮೇಲೆ ನಿಂತಿದೆ ಅನ್ನೋದಕ್ಕೆ 2023ರ ಆಗಸ್ಟ್ ತಿಂಗಳು ನೆನಪು ಮಾಡ್ಕೊಳ್ಳಿ. ನಟ ಉಪೇಂದ್ರ ಅವರು ಲೈವ್ ಬಂದು, ತಮ್ಮನ್ನು ಟೀಕಿಸೋರ ಬಗ್ಗೆ ಮಾತಾಡ್ತಾ ಒಂದು ಗಾದೆ ಹೇಳಿದ್ರು. ಊರು ಅಂದ್ಮೇಲೆ ಇಂಥದ್ದೊಂದು ಕೇರಿ ಇದ್ದೇ ಇರುತ್ತೆ ಅನ್ನೋ ಗಾದೆ. ಆ ಪದ ನಾನು ಬರೆಯಲ್ಲ, ನಿಮಗೆಲ್ಲ ಗೊತ್ತು. ಕೇಸು ದಾಖಲಾಯ್ತು, ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದ್ರು, ಹೈಕೋರ್ಟ್ ತಡೆಯಾಜ್ಞೆ ಕೊಡ್ತು. ಆ ವ್ಯಕ್ತಿಯ ಮೇಲೆ ನನಗೆ ದ್ವೇಷ ಇಲ್ಲ. ನನ್ನ ಪ್ರಶ್ನೆ ಗಾದೆಯ ಮೇಲೆ. ಕೆಟ್ಟ ಬಾಯಿಯವರನ್ನ ತೋರಿಸೋಕೆ ನಾಲಿಗೆಗೆ ಮೊದಲು ಸಿಕ್ಕ ಜಾಗ ನಮ್ಮ ಅಮ್ಮಂದಿರು ದಿನಾ ಬೆಳಿಗ್ಗೆ ಸಗಣಿ ಸಾರಿಸಿ ರಂಗೋಲಿ ಬಿಡ್ತಿದ್ದ ಜಾಗ. 'ಬರೀ ಗಾದೆ ಅಲ್ವಾ, ಇದಕ್ಕೂ ಕೇಸಾ' ಅಂತ ಆಗಲೂ ಕೇಳಿದ್ರು. ಸಣ್ಣ ವಿಷಯ ಅಂತೆ.

ಸಣ್ಣದು ಅಂತ ತೀರ್ಮಾನ ಮಾಡೋರು ಯಾರು? 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಒಂದು ಪುಟ್ಟ ಮಗು ದೇವಸ್ಥಾನದೊಳಕ್ಕೆ ಓಡಿತು. ಅಷ್ಟಕ್ಕೆ 25 ಸಾವಿರ ದಂಡ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗ ದೇವರ ಉತ್ಸವದ ಕೋಲು ಮುಟ್ಟಿದ, 60 ಸಾವಿರ ದಂಡ. ಮರಕುಂಬಿ ಮರೆತಿಲ್ಲ ತಾನೇ? 2014ರ ಆಗಸ್ಟಿನಲ್ಲಿ ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ಶುರುವಾದ ಜಗಳ. ಸಿನಿಮಾ, ಅಷ್ಟೇ. ಅದು ಊರು ಮುಟ್ಟೋ ಹೊತ್ತಿಗೆ ನಮ್ಮೋರ ಗುಡಿಸಲಿಗೆ ಬೆಂಕಿ ಬಿದ್ದಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತಿಂಗಳೊಳಗೆ ಹೈಕೋರ್ಟಿನಿಂದ ಬಹುಪಾಲು ಜನಕ್ಕೆ ಜಾಮೀನೂ ಸಿಕ್ತು. ಹಾಗಾಗಿ ಸಿನಿಮಾ ಪೋಸ್ಟಿನ ಕೆಳಗೆ ಯಾರಾದ್ರೂ ಜಾತಿ ಎತ್ತಿದಾಗ 'ಇಗ್ನೋರ್ ಮಾಡಿ ಬ್ರೋ' ಅಂತ ನನಗೆ ಹೇಳಬೇಡಿ.

ಈಗ ನಮ್ಮ ಮನೆ ಮಾತು. ಜಾತಿ ಹಿಡಿದು ಬೈದವನಿಗೆ ಅವನ ತಾಯಿ, ತಂಗಿ ಎಳೆದು ಉತ್ತರ ಕೊಡೋ ತಮ್ಮಂದಿರೇ, ಹಾಗೆ ಮಾಡಬೇಡ್ರಪ್ಪಾ. ಪ್ರೊಫೈಲಿನಲ್ಲಿ ಸಾವಿತ್ರಿಬಾಯಿ ಫುಲೆ, ಕಾಮೆಂಟಿನಲ್ಲಿ ಇದು! ಮಹಾಡ್ ಕೆರೆ ನೀರು ಮುಟ್ಟಿದ್ದಕ್ಕೆ 1927ರಲ್ಲಿ ಅಂಬೇಡ್ಕರರ ಜೊತೆಗಾರರಿಗೆ ಏಟು ಬಿತ್ತು. ನೀರು ಶುದ್ಧಿ ಮಾಡ್ತೀವಿ ಅಂತ ಸಗಣಿ ಗಂಜಲ ಕೆರೆಗೆ ಸುರಿದ್ರು. ಮುಂದಿನ ತಿಂಗಳೇ ಬಾಬಾಸಾಹೇಬರು 'ಬಹಿಷ್ಕೃತ ಭಾರತ' ಪತ್ರಿಕೆ ಶುರು ಮಾಡಿ, ವಿರೋಧಿಗಳ ವಾದವನ್ನ ಒಂದೊಂದಾಗಿ ಕಿತ್ತು ಹಾಕಿದ್ರು. ಆ ಸಿಟ್ಟು ನಮ್ಮದಕ್ಕಿಂತ ದೊಡ್ಡದು, ಆದ್ರೆ ವಾದ ಬಿಟ್ಟು ಆಚೆ ಹೋಗಲಿಲ್ಲ. ಒಳಮೀಸಲಾತಿ ವಿಷಯಕ್ಕೆ ಎಡ-ಬಲ ಅಂತ ನಾವು ನಾವೇ ಬಳಸ್ತಿರೋ ಪದಗಳ ಬಗ್ಗೆ ಇನ್ನೊಮ್ಮೆ ಬರೀತೀನಿ, ಇವತ್ತು ಹೊಟ್ಟೆ ಉರಿಯುತ್ತೆ.

ಹಾಗಂತ ಸುಮ್ಮನಿರಿ ಅಂತಿಲ್ಲ. ಅರ್ಜಿ, ಟಪಾಲು, ಕಡತ ಇವೇ ನನ್ನ ಹೊಟ್ಟೆಪಾಡು, ಆದ್ದರಿಂದ ಗುಮಾಸ್ತನ ಬುದ್ಧಿ ಹೇಳ್ತೀನಿ. ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು 3(1)(ಎಸ್) ಓದಿಕೊಳ್ಳಿ. ಸಾರ್ವಜನಿಕರಿಗೆ ಕಾಣೋ ಜಾಗದಲ್ಲಿ ಅವಮಾನ ಮಾಡಬೇಕು ಅಂತಲೇ ಅವಮಾನಿಸಿದ್ರೆ, ಜಾತಿ ಹೆಸರು ಹಿಡಿದು ಬೈದ್ರೆ ಆರು ತಿಂಗಳಿಂದ ಐದು ವರ್ಷ. ಅಂತರ್ಜಾಲವೂ ಅಂಥ ಜಾಗವೇ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದ್ರೆ ದಲಿತನಿಗೆ ಬೈದದ್ದೆಲ್ಲ ಜಾತಿ ನಿಂದನೆ ಆಗಲ್ಲ, ಜಾತಿಯ ಕಾರಣಕ್ಕೇ ಅವಮಾನಿಸಿದ್ದು ಕಾಣಬೇಕು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಇದನ್ನೂ ನೆನಪಿಡಿ. 'ಗೂಬೆ' ಅಂದವನ ಮೇಲೆ ಕೇಸು ಹಾಕೋಕೆ ಹೋಗಬೇಡಿ. ಅಂಥ ಒಂದು ಅರ್ಜಿ ಬಿದ್ದುಹೋದ್ರೆ ಹತ್ತು ನಿಜವಾದ ಅರ್ಜಿಗೆ ಅದನ್ನೇ ತೋರಿಸ್ತಾರೆ.

ಅವನು ಅಳಿಸೋಕೆ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ. ಪ್ರೊಫೈಲಿನ ಲಿಂಕು, ಪೋಸ್ಟಿನ ಲಿಂಕು, ತಾರೀಕು, ಟೈಮು ಬರೆದಿಡಿ. ಹೆಸರು ಮುಖ ಬದಲಾಯಿಸ್ತಾರೆ, ಲಿಂಕು ಬೇಕೇ ಬೇಕು. ಎಫ್ಐಆರ್‌ಗೆ ಮೊದಲು ವಿಚಾರಣೆ ಮಾಡ್ತೀವಿ ಅಂತ ಠಾಣೆಯಲ್ಲಿ ಹೇಳಿದ್ರೆ 18ಎ ತೋರಿಸಿ, ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ಅದರಲ್ಲೇ ಇದೆ. ದೂರು ತಗೊಳ್ಳದಿದ್ರೆ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸಿ, ರಿಜಿಸ್ಟರ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. 14566 ಸಹಾಯವಾಣಿಗೂ ಫೋನ್ ಮಾಡಿ. ಎಫ್ಐಆರ್ ಆದ್ರೆ ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೀರಿ.

ಬರೆಯೋಕೆ ಬರಲ್ಲ ಅನ್ನೋರು ಇನ್‌ಬಾಕ್ಸಿಗೆ ಬನ್ನಿ, ಸಂಜೆ ಏಳರ ಮೇಲೆ ನಾನು ಬರೆದು ಕೊಡ್ತೀನಿ. ಮತ್ತೆ, ಸ್ಕ್ರೀನ್‌ಶಾಟ್ ನಿಮ್ಮ ವಾಲ್‌ಗೆ ಹಾಕೋದಾದ್ರೆ ಬೈಸಿಕೊಂಡ ನಮ್ಮ ಹೆಣ್ಣುಮಕ್ಕಳ ಹೆಸರು, ಫೋಟೋ ಮುಚ್ಚಿ ಹಾಕಿ.