ಟಿವಿ ಉಳೀತು, ಗುಲಾಬಿ ಹೋದಳು



ಹೀರೋ ಇಲ್ಲದ ಸಿನಿಮಾನೂ ಒಂದು ಸಿನಿಮಾನಾ ಅಂತ ನಮ್ಮ ತರಗತಿಯ ಹುಡುಗರು ಕೇಳ್ತಾರೆ. ಫೈಟು ಇಲ್ಲ, ಡ್ಯಾನ್ಸು ಇಲ್ಲ, ಹೆಂಗಸರು ಕೂತು ಮಾತಾಡೋದನ್ನ ಎರಡು ಗಂಟೆ ಯಾರು ನೋಡ್ತಾರೆ ಅನ್ನೋದು ಅವರ ವಾದ. ಸಿನಿಮಾ ವಿಷಯಕ್ಕೆ ಬಂದರೆ ನಮ್ಮ ಕಡೆಯವರಿಗೆ ಸ್ವಲ್ಪ ಜಂಬ ಜಾಸ್ತಿ. ಯಾಕಂದ್ರೆ 1975ರಲ್ಲಿ ಬಂದ 'ಶೋಲೆ'ಯನ್ನು ತೆಗೆದದ್ದು ನಮ್ಮ ರಾಮನಗರದ ಬೆಟ್ಟದ ಹತ್ತಿರ. ಜಂಬ ಪಡಲಿ, ತಪ್ಪಿಲ್ಲ. ಆದರೆ ಆ ಸಿನಿಮಾದಲ್ಲಿ ನೆನಪಿರೋ ಹೆಂಗಸರು ಎಷ್ಟು ಜನ? ಜಟಕಾ ಓಡಿಸುವ ಬಸಂತಿ, ಬಿಳಿ ಸೀರೆಯ ರಾಧ, ಅಷ್ಟೇ. ಇಬ್ಬರೂ ಒಂದೇ ಊರಿನವರು. ಒಬ್ಬಳ ದುಃಖ ಇನ್ನೊಬ್ಬಳಿಗೆ ತಟ್ಟಿತಾ ಅಂತ ಕೇಳೋಕೆ ಆ ಸಿನಿಮಾಕ್ಕೆ ಪುರುಸೊತ್ತೇ ಇಲ್ಲ!

ಅದನ್ನ ಕೇಳಿದ ಒಂದು ಕನ್ನಡ ಸಿನಿಮಾ ಇದೆ. ಅದೇ 'ಗುಲಾಬಿ ಟಾಕೀಸ್'. 2008ರಲ್ಲಿ ತೆರೆಗೆ ಬಂತು. ಕುಂದಾಪುರದ ಲೇಖಕಿ ವೈದೇಹಿಯವರ ಕಥೆ, ನಿರ್ದೇಶಕರು ಗಿರೀಶ್ ಕಾಸರವಳ್ಳಿ. ಗುಲಾಬಿ ಪಾತ್ರ ಮಾಡಿದವರು ಉಮಾಶ್ರೀ. ನಾವು ನಗೋಕೆ ಅಂತ ನೋಡ್ತಿದ್ದ ಅದೇ ಉಮಾಶ್ರೀಯವರಿಗೆ ಈ ಪಾತ್ರಕ್ಕೆ ಶ್ರೇಷ್ಠ ನಟಿ ಅಂತ ರಾಷ್ಟ್ರಪ್ರಶಸ್ತಿ ಬಂತು. ಮಾತೆಲ್ಲ ಕುಂದಾಪುರದ ಕಡೆಯ ಕನ್ನಡ. ಮೊದಲು ಹತ್ತು ನಿಮಿಷ ನನಗೂ ಅರ್ಧಂಬರ್ಧ ತಿಳೀತು, ಆಮೇಲೆ ಕಿವಿಗೆ ಹತ್ತಿತು.

ಕಥೆ ಕಾರ್ಗಿಲ್ ಯುದ್ಧದ ಕಾಲದ್ದು, ಅಂದ್ರೆ 1999. ಕಡಲ ಕಡೆ ಒಂದು ಮೀನುಗಾರರ ಊರು. ಗುಲಾಬಿ ಆ ಊರಿನ ಸೂಲಗಿತ್ತಿ. ಮುಸ್ಲಿಂ ಹೆಂಗಸು. ಗಂಡ ಮೂಸಾ ಇನ್ನೊಂದು ಸಂಸಾರ ಕಟ್ಟಿಕೊಂಡು ಬೇರೆ ಇದ್ದಾನೆ. ಇವಳಿಗೆ ಸಿನಿಮಾ ಅಂದ್ರೆ ಪ್ರಾಣ. ಒಂದು ದಿನ ಸಿನಿಮಾ ನೋಡ್ತಾ ಕೂತವಳನ್ನ ಎಬ್ಬಿಸಿಕೊಂಡು ಹೋಗಿ ಹೆರಿಗೆ ಮಾಡಿಸ್ತಾರೆ. ಅದರ ಉಡುಗೊರೆಯಾಗಿ ಗುಡಿಸಲಿಗೆ ಡಿಶ್ ಸಮೇತ ಬಣ್ಣದ ಟಿವಿ ಬರುತ್ತೆ. ಆವತ್ತಿಂದ ಊರ ಹೆಂಗಸರೆಲ್ಲ ಗುಲಾಬಿ ಮನೆಗೆ ಬರೋಕೆ ಶುರು. ಕೆಲವರು ಒಳಗೆ ಬಂದು ಕೂರ್ತಾರೆ. ಕೆಲವರು ಸಾಬರ ಮನೆ ಅಂತ ಬಾಗಿಲಾಚೆಯೇ ನಿಂತು ನೋಡ್ತಾರೆ. ಕೆಲವರು ಆ ಕಡೆ ತಲೆಯೂ ಹಾಕಲ್ಲ.

ಸೂಲಗಿತ್ತಿಯನ್ನು ನಡುವೆ ಇಟ್ಟದ್ದು ಸುಮ್ಮನೆ ಅಲ್ಲ ಅನ್ನಿಸುತ್ತೆ. ಸೂಲಗಿತ್ತಿ ಕಾಲಿಡದ ಮನೆ ಇಲ್ಲ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ದುಡ್ಡು ತಗೊಳ್ಳದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ಗುರುಗಳಿಗೆ ಗೊತ್ತೇ ಇದೆ. ಹೆರಿಗೆ ಹೊತ್ತಲ್ಲಿ ಜಾತಿ, ಮತ ಯಾರೂ ಕೇಳಲ್ಲ. ಹನ್ನೊಂದು ದಿನ ಆದಮೇಲೆ ನೆನಪಿಗೆ ಬರುತ್ತೆ!

ಗುಲಾಬಿ ಮನೆಗೆ ಬರುವವರಲ್ಲಿ ನೇತ್ರು ಅಂತ ಒಬ್ಬ ಎಳೆ ವಯಸ್ಸಿನ ಸೊಸೆ. ಗಂಡ ಹತ್ತಿರ ಇಲ್ಲ, ಅತ್ತೆ ಜೋರು. ಅವಳು ಮನಸ್ಸು ಬಿಚ್ಚಿ ಮಾತಾಡೋದು ಗುಲಾಬಿ ಹತ್ತಿರ ಮಾತ್ರ. ಟಿವಿ ಬರೀ ನೆಪ, ಬೇಕಾಗಿದ್ದದ್ದು ಒಂದು ಗಳಿಗೆ ಕೂರೋ ಜಾಗ. ಒಂದು ದಿನ ನೇತ್ರು ಕಾಣೆಯಾಗ್ತಾಳೆ. ಊರು ಬೆರಳು ತೋರಿಸೋದು ಗುಲಾಬಿ ಕಡೆಗೆ. ಅಷ್ಟರಲ್ಲಿ ಸಾಬರ ಒಬ್ಬ ದೊಡ್ಡ ವ್ಯಾಪಾರಿಯ ಟ್ರಾಲರ್ ದೋಣಿ ಬಂತು ಅಂತ ಗಂಡಸರಲ್ಲಿ ಹೊಟ್ಟೆಪಾಡಿನ ಜಗಳ ಎದ್ದಿದೆ, ಅದಕ್ಕೆ ಧರ್ಮದ ಬಣ್ಣ ಬಂದಿದೆ. ಕಡೆಗೆ ಗುಲಾಬಿ ಮನೆ ಒಡೆದು, ಅವಳನ್ನ ಬಲವಂತವಾಗಿ ದೋಣಿ ಹತ್ತಿಸಿ ಊರು ಬಿಡಿಸ್ತಾರೆ. ಟಿವಿ ಮಾತ್ರ ಉಳಿಸಿಕೊಳ್ತಾರೆ. ಇಷ್ಟು ದಿನ ಆ ಮನೆಗೆ ಬರೋಕೆ ಒಪ್ಪದಿದ್ದ ಮುದುಕಿಯರು ಈಗ ಧೈರ್ಯವಾಗಿ ಒಳಗೆ ಹೋಗ್ತಾರೆ, ಟಿವಿ ನೋಡೋಕೆ.

ಈ ಕೊನೆ ನೋಡಿ ನನ್ನ ಗೆಳತಿಗೆ ಸಿಟ್ಟು ಬಂತು. ಅಷ್ಟು ಜನ ಹೆಂಗಸರಲ್ಲಿ ಒಬ್ಬಳಾದರೂ ದೋಣಿಗೆ ಅಡ್ಡ ನಿಲ್ಲಬೇಕಿತ್ತು, ಹಂಗೆ ತೋರಿಸದೆ ಹೋದದ್ದು ತಪ್ಪು ಅಂದಳು. ನಾನು ಒಪ್ಪಲ್ಲ. ಹಾಗೆ ತೋರಿಸಿದ್ದರೆ ನಾವು ಚಪ್ಪಾಳೆ ಹೊಡೆದು ಮನೆಗೆ ಬಂದು ಮಲಗ್ತಿದ್ದೆವು. ಹೆಂಗಸರ ಸಿನಿಮಾ ಅಂದ್ರೆ ಹೆಂಗಸರೆಲ್ಲ ಒಳ್ಳೆಯವರು, ಗಂಡಸರೆಲ್ಲ ಕೆಟ್ಟವರು ಅಂತ ಹೇಳೋದಲ್ಲ. ಒಬ್ಬಳ ಬಾಳು ಇನ್ನೊಬ್ಬಳ ನಾಲಿಗೆ ಮೇಲೆ ಹೇಗೆ ನಿಂತಿದೆ ಅಂತ ತೋರಿಸೋದು. ನೇತ್ರು ಎಲ್ಲಿ ಹೋದಳು ಅಂತ ಊರೆಲ್ಲ ಕೇಳಿತು. ಅವಳು ಅಲ್ಲಿ ಸುಖವಾಗಿದ್ದಳಾ ಅಂತ ಮೊದಲೇ ಯಾರಾದರೂ ಕೇಳಿದ್ರಾ? ಕೇಳಿದವಳು ಒಬ್ಬಳೇ, ಅವಳನ್ನೇ ಓಡಿಸಿದರು.

ಇಂಥ ಕಥೆಗೆ ಒಬ್ಬಳೇ ನಾಯಕಿ ಸಾಲಲ್ಲ ಅನ್ನೋದು ನನ್ನ ಅಭಿಪ್ರಾಯ. 2018ರಲ್ಲಿ ಚಂಪಾ ಶೆಟ್ಟಿಯವರು ವೈದೇಹಿಯವರದೇ ಮೂರು ಕಥೆ ಸೇರಿಸಿ 'ಅಮ್ಮಚ್ಚಿಯೆಂಬ ನೆನಪು' ಮಾಡಿದರು. ತನ್ನಿಷ್ಟದಂತೆ ಇರಬೇಕು ಅನ್ನೋ ಅಮ್ಮಚ್ಚಿ, ಗಂಡ ಬಿಟ್ಟು ಹೋದ ಮೇಲೆ ಬಸುರಿ ಅಂತ ನಟಿಸುತ್ತಾ ಹುಚ್ಚಿ ಅನ್ನಿಸಿಕೊಂಡ ಅಕ್ಕು, ಹಳೇ ತಲೆಮಾರಿನ ಪುಟ್ಟಮ್ಮತ್ತೆ. ಅಕ್ಕು ಒಬ್ಬಳ ಕಥೆ ಆಗಿದ್ದರೆ ಪಾಪ, ಅವಳ ಹಣೆಬರಹ ಅಂತಿದ್ದೆವು. ಮೂವರನ್ನೂ ಒಟ್ಟಿಗೆ ನೋಡಿದಾಗ ಹಣೆಬರಹ ಅನ್ನೋಕೆ ಬಾಯಿ ಬರಲ್ಲ. ಮೂರು ಹಣೆಗೂ ಒಂದೇ ಬರಹ ಬರೆದವರು ಯಾರು ಅಂತ ಯೋಚನೆ ಬರುತ್ತೆ.

ನಮ್ಮ ತಿಪ್ಪಸಂದ್ರ ಹೋಬಳಿಯಲ್ಲಿ ಕಡಲೂ ಇಲ್ಲ, ಟ್ರಾಲರೂ ಇಲ್ಲ. ಆದರೆ ಒಂದು ಹುಡುಗಿ ಮಧ್ಯದಲ್ಲೇ ಶಾಲೆ ಬಿಟ್ಟರೆ ಏನೇನು ಮಾತು ಬರುತ್ತೆ? ಯಾವನ ಜೊತೆ ಮಾತಾಡ್ತಿದ್ದಳಂತೆ, ಯಾರು ಸಲಿಗೆ ಕೊಟ್ಟರಂತೆ, ಅವರವ್ವ ಸರಿಯಿಲ್ಲವಂತೆ. ಈ ಮಾತು ಹುಟ್ಟೋದು ನಲ್ಲಿ ಹತ್ತಿರ, ಡೈರಿ ಹತ್ತಿರ, ಹೆಂಗಸರ ಮಧ್ಯೆಯೂ ಹೌದು, ಅರಳಿಕಟ್ಟೆ ಮೇಲೆ ಗಂಡಸರ ಮಧ್ಯೆಯೂ ಹೌದು. ಅವಳ ಗೆಳತಿ ಅನ್ನಿಸಿಕೊಂಡವಳಿಗೆ ಮನೇಲಿ ಮೊದಲು ಬೀಳೋ ಅಪ್ಪಣೆ, ಅವಳ ಮನೆ ಕಡೆ ಹೋಗಬೇಡ ಅಂತ. ಗುಲಾಬಿ ಕಥೆ ಇದಕ್ಕಿಂತ ಬಹಳ ದೂರದ್ದೇನೂ ಅಲ್ಲ.

ಈಗ ಮನೆಗೊಂದು ಟಿವಿ ಇದೆ, ಫೋನೂ ಇದೆ. ಸೀರಿಯಲ್ಲು ನೋಡೋಕೆ ಯಾರೂ ಯಾರ ಮನೆಗೂ ಹೋಗಬೇಕಾಗಿಲ್ಲ. ಇದು ಒಳ್ಳೇದೇ ಅಂತ ನಮ್ಮಜ್ಜಿ ಅಂತಾರೆ, ಬಾಗಿಲಲ್ಲಿ ನಿಲ್ಲಿಸಿಕೊಳ್ಳೋ ಅವಮಾನ ತಪ್ಪಿತು ಅಂತ. ಅಜ್ಜಿ ಮಾತು ತಳ್ಳಿಹಾಕೋಕೆ ಆಗಲ್ಲ. ಆದರೂ ನಮ್ಮವ್ವನಿಗೆ, ಚಿಕ್ಕವ್ವನಿಗೆ ಒಟ್ಟಿಗೆ ಕೂರೋಕೆ ಸಂಘದ ಕಂತು ಕಟ್ಟೋ ದಿನ ಬಿಟ್ಟರೆ ಇನ್ನೊಂದು ದಿನ ಇಲ್ಲ. ಅಲ್ಲೂ ಬರೀ ಲೆಕ್ಕದ ಮಾತು.

ಅದಕ್ಕೇ ಗುರುಗಳಲ್ಲಿ ಒಂದು ಕೋರಿಕೆ. ಪಾಠಕ್ಕೆ ಅಂತ ಇರೋ ನಮ್ಮ ಶಾಲೆಯ ಟಿವಿಯಲ್ಲಿ ಒಂದು ಶನಿವಾರ ಮಧ್ಯಾಹ್ನ 'ಗುಲಾಬಿ ಟಾಕೀಸ್' ಹಾಕಿಸಿ. ನಮಗಷ್ಟೇ ಅಲ್ಲ, ತಾಯಂದಿರನ್ನೂ ಕರೆಸಿ, ಎಲ್ಲಾ ಬೀದಿಯವರನ್ನೂ. ಹುಡುಗರು ಕೂಡ ಕೂರಲೇಬೇಕು, ಅರ್ಧಕ್ಕೆ ಎದ್ದು ಕ್ರಿಕೆಟ್ ಆಡೋಕೆ ಹೋಗೋ ಹಾಗಿಲ್ಲ. ಒಂದೂವರೆಗೆ ಶುರು ಮಾಡಿದರೆ ಸಂಜೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಮುಗಿಯುತ್ತೆ. ಯಾವ ಶನಿವಾರ ಅಂತ ಹೇಳಿ, ಮನೆ ಮನೆಗೆ ಹೋಗಿ ಕರೆದು ಬರೋ ಕೆಲಸ ನಮ್ಮ ತರಗತಿ ಹುಡುಗಿಯರದು.

- ಹತ್ತನೇ ತರಗತಿಯ ವಿದ್ಯಾರ್ಥಿನಿ