ಚಳಿಗಾಲದ ಯಾತ್ರೆ: ಗಾಡಿಯ ಡ್ರಮ್ಮಿನ ನೀರು ಎಷ್ಟು ಸುರಕ್ಷಿತ?

ಮಾರ್ಗಶಿರ ಬಂತೆಂದರೆ ದಂಡಿನಶಿವರ, ತುರುವೇಕೆರೆ, ತಿಪಟೂರು ಕಡೆಯ ಊರುಗಳಿಂದ ಯಾತ್ರೆಯ ಗಾಡಿಗಳು ಹೊರಡುತ್ತವೆ. ಕೆಲವು ಶಬರಿಮಲೆಗೆ, ಕೆಲವು ಕಾಶಿ, ಹರಿದ್ವಾರ, ದೆಹಲಿ ಎಂದು ಉತ್ತರಕ್ಕೆ. ರಾಗಿ ಹಿಟ್ಟು, ಚಟ್ನಿಪುಡಿ, ಕೊಬ್ಬರಿ, ಒಲೆ, ಅಡುಗೆಯವರು ಎಲ್ಲವೂ ಗಾಡಿಯಲ್ಲೇ. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ನೀಲಿ ಡ್ರಮ್ಮು. ಊಟದ ಬಗ್ಗೆ ಹತ್ತು ಸಲ ಚರ್ಚಿಸುವ ನಮ್ಮ ಜನ ಆ ಡ್ರಮ್ಮಿನ ನೀರಿನ ಬಗ್ಗೆ ಒಂದು ಸಲವೂ ಮಾತನಾಡುವುದಿಲ್ಲ. "ಚಳಿಯಲ್ಲಿ ನೀರು ಕೆಡುವುದಿಲ್ಲ ಬಿಡಿ" ಎಂಬ ನಂಬಿಕೆ ಬೇರೆ. ನನ್ನ ತಕರಾರು ಇರುವುದೇ ಈ ನಂಬಿಕೆಯ ಮೇಲೆ.

ಚಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ. ಕಾಮಾಲೆ ತರುವ ವೈರಸ್ಸುಗಳು ತಣ್ಣನೆಯ ನೀರಿನಲ್ಲಿ ಇನ್ನೂ ಹೆಚ್ಚು ಕಾಲ ಬದುಕಿರುತ್ತವೆ. 1955ರಲ್ಲಿ ಯಮುನೆಯ ಪ್ರವಾಹ ಇಳಿದ ಮೇಲೆ ದೆಹಲಿಯ ಕುಡಿಯುವ ನೀರಿನ ಕೇಂದ್ರಕ್ಕೆ ಚರಂಡಿ ನೀರು ಸೇರಿತು. ಆ ಡಿಸೆಂಬರ್ ಮತ್ತು 1956ರ ಜನವರಿಯ ಕೊರೆಯುವ ಚಳಿಯಲ್ಲೇ 29,000ಕ್ಕೂ ಹೆಚ್ಚು ಮಂದಿಗೆ ಕಾಮಾಲೆಯಾಯಿತು. ನೀರಿಗೆ ಕ್ಲೋರಿನ್ ಹೆಚ್ಚಿಸಿದ್ದರು, ಟೈಫಾಯ್ಡ್ ಏರಲಿಲ್ಲ. ವೈರಸ್ಸು ಮಾತ್ರ ದಾಟಿ ಬಂತು. ಅದು ಹೆಪಟೈಟಿಸ್ 'ಇ' ಎಂದು ಗೊತ್ತಾಗಲು ಹಲವು ವರ್ಷಗಳೇ ಬೇಕಾದವು.

ಮೊದಲು ಡ್ರಮ್ಮಿನ ವಿಚಾರ. ಅದನ್ನು ಶಾಮಿಯಾನ ಅಂಗಡಿಯಿಂದ ತರುತ್ತೇವೆ. ಹಿಂದೆ ಅದರಲ್ಲಿ ಏನಿತ್ತೋ ಯಾರೂ ಕೇಳುವುದಿಲ್ಲ. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು. ಇನ್ನು ಬಾಯಿ ಅಗಲವಾಗಿದ್ದರೆ ನಲವತ್ತು ಜನ ಮಗ್ಗು ಅದ್ದುತ್ತಾರೆ, ಮಗ್ಗಿನ ಜೊತೆ ಬೆರಳುಗಳೂ ಮುಳುಗುತ್ತವೆ. ಚಳಿಯಲ್ಲಿ ತಣ್ಣೀರಿಗೆ ಹೆದರಿ ಸೋಪು ಹಾಕಿ ಕೈ ತೊಳೆಯುವವರೂ ಕಡಿಮೆ. ಆದ್ದರಿಂದ ಕುಡಿಯುವ ನೀರಿಗೆ ನಲ್ಲಿ ಇರುವ, ಮುಚ್ಚಳ ಬಿಗಿಯಾದ ಪಾತ್ರೆ ಬೇರೆ ಇರಲಿ, ಕೈಕಾಲು ತೊಳೆಯುವ ನೀರು ಬೇರೆ ಇರಲಿ. ಇದಕ್ಕೆ ಹೆಚ್ಚು ದುಡ್ಡೇನೂ ಬೇಡ, ಹೇಳುವ ಒಬ್ಬ ಹಿರಿಯರು ಬೇಕು.

ಎಲ್ಲಕ್ಕಿಂತ ಕ್ಷೇಮ ಕುದಿಸಿದ ನೀರು. ಒಲೆ ಜೊತೆಯಲ್ಲೇ ಇದೆಯಲ್ಲ! ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಆದರೆ ಇಲ್ಲೊಂದು ಎಡವಟ್ಟು ನಡೆಯುತ್ತದೆ. ಬಿಸಿ ನೀರು ಬಾಯಿ ಸುಡುತ್ತದೆಂದು ಅರ್ಧ ಲೋಟ ತಣ್ಣೀರು ಬೆರೆಸಿ ಉಗುರು ಬೆಚ್ಚಗೆ ಮಾಡುತ್ತೇವೆ. ಕುದಿಸಿದ್ದೆಲ್ಲ ಅಲ್ಲಿಗೆ ದಂಡ. ಶಬರಿಮಲೆಯ ದಾರಿಯ ಹೋಟೆಲುಗಳಲ್ಲಿ "ಬಿಸಿ ನೀರು" ಎಂದು ಕೊಡುವುದು ಎಷ್ಟೋ ಸಲ ಇಂಥದ್ದೇ. ವಸತಿಗೃಹದ ಬಚ್ಚಲಿನ ಗೀಸರ್ ನೀರನ್ನು ಫ್ಲಾಸ್ಕಿಗೆ ತುಂಬಿಕೊಳ್ಳುವವರನ್ನೂ ನೋಡಿದ್ದೇನೆ. ಅದು ಕಾದ ನೀರು, ಕುದಿದ ನೀರಲ್ಲ.

ಕುದಿಸಲಾಗದಾಗ ಕ್ಲೋರಿನ್ ಮಾತ್ರೆ. ಯಾವ ಮಾತ್ರೆ ಎಷ್ಟು ಲೀಟರಿಗೆ ಎಂಬುದನ್ನು ಚೀಟಿಯಲ್ಲಿ ಓದಿಯೇ ಹಾಕಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ತಣ್ಣೀರಿನಲ್ಲಿ ಕ್ಲೋರಿನ್ ನಿಧಾನವಾಗಿ ಕೆಲಸ ಮಾಡುವುದರಿಂದ ಅರ್ಧ ಗಂಟೆಯ ಬದಲು ಒಂದು ಗಂಟೆ ಕಾಯಿರಿ.

ಬದರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಾಗಿಲು ತೆರೆದಿರುವ ಅಕ್ಟೋಬರ್ ಕೊನೆಯಲ್ಲೂ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತು ಭಾಗ ಹಿಗ್ಗುತ್ತದೆ. ಕಂಠಪೂರ್ತಿ ತುಂಬಿದ ಕ್ಯಾನು ಬಿರಿಯುತ್ತದೆ, ನಲ್ಲಿ ಸೀಳುತ್ತದೆ. ಸ್ವಲ್ಪ ಜಾಗ ಬಿಟ್ಟು ತುಂಬಿ, ರಾತ್ರಿ ಒಳಗಿಡಿ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು.

ನೀರಿನ ಶುದ್ಧಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಮ್ಮ ಹೆಂಗಸರು ಗಾಡಿಯಲ್ಲಿ ನೀರೇ ಕುಡಿಯುವುದಿಲ್ಲ. ಚಳಿಯಲ್ಲಿ ಬಾಯಾರಿಕೆ ಕಡಿಮೆ, ಮೂತ್ರ ಹೆಚ್ಚು. ಗಾಡಿ ನಿಲ್ಲಿಸಿ ಎನ್ನಲು ಸಂಕೋಚ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಸಂಜೆಯವರೆಗೆ ತಡೆದುಕೊಂಡು ಕೂರುತ್ತಾರೆ. ಆಮೇಲೆ ಉರಿಮೂತ್ರ, ಜ್ವರ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಮೂತ್ರಪಿಂಡದವರೆಗೂ ಹೋಗಬಹುದು. ತಪ್ಪು ಅವರದಲ್ಲ. ಎರಡು ಮೂರು ಗಂಟೆಗೊಮ್ಮೆ ಶೌಚಾಲಯವಿರುವ ಕಡೆ ಗಾಡಿ ನಿಲ್ಲಬೇಕೆಂದು ಹೊರಡುವ ಮೊದಲೇ ಡ್ರೈವರಿಗೆ ಹೇಳಿಡುವುದು ಯಾತ್ರೆ ಏರ್ಪಡಿಸಿದ ಗಂಡಸರ ಕೆಲಸ. ನಮ್ಮ ಕಡೆಯವರು ಒಂದು ಗೊನೆ ಎಳನೀರನ್ನೂ ಹಾಕಿಕೊಳ್ಳಬಹುದು, ಕೆತ್ತುವವರೆಗೆ ಅದರಷ್ಟು ಶುದ್ಧ ನೀರು ದಾರಿಯಲ್ಲಿ ಸಿಗದು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಎಳನೀರು ಬೇಡ.

ಯಾತ್ರೆ ಮುಗಿದು ವಾರಗಳಾದ ಮೇಲೆ ಕಾಯಿಲೆ ಬಿದ್ದರೆ ಯಾರೂ ಆ ಡ್ರಮ್ಮನ್ನು ನೆನೆಯುವುದಿಲ್ಲ. ನೆಂಟರ ಮನೆಯ ಊಟವನ್ನೋ ಊರ ಜಾತ್ರೆಯನ್ನೋ ದೂರುತ್ತಾರೆ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ, ಕಾಮಾಲೆಗೆ ಎರಡು ತಿಂಗಳವರೆಗೂ ಹಿಡಿಯಬಹುದು. ಅಷ್ಟರೊಳಗೆ ಬಿಡದ ಜ್ವರ, ಊಟ ಸೇರದಿರುವುದು, ಹಳದಿ ಮೂತ್ರ ಕಂಡರೆ ಎಲ್ಲೆಲ್ಲಿ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ. ಜೊತೆಯಲ್ಲಿ ಬಂದವರಿಗೂ ತಿಳಿಸಿ. ಅವರಲ್ಲಿ ಬಸುರಿಯರಿದ್ದರೆ ಅಂದೇ ಹೇಳಿಕಳುಹಿಸಿ. ಹೆಪಟೈಟಿಸ್ 'ಇ' ಕೊನೆಯ ಮೂರು ತಿಂಗಳ ಬಸುರಿಯರ ಪ್ರಾಣಕ್ಕೇ ಕುತ್ತು ತರಬಲ್ಲದು.